ಹನ್ನೊಂದು ಗುಂಡಿ, ಎರಡು ಖಾಲಿ ಜಾಗ

"ತಗೊಳ್ಳಿ ಮೇಡಂ, ನಿಮ್ಮ ಟ್ಯಾಂಕು!"

ಮೇಜಿನ ಮೇಲೆ ಫೋಟೋ ಬಿತ್ತು. ಅದನ್ನು ಎಸೆದವನ ಶರ್ಟಿನಿಂದ ಉದುರಿದ ಧೂಳು ಅವಳ ಕೀಬೋರ್ಡಿನ ಮೇಲೆ ಬಿತ್ತು.

ಅವಳು ಬಗ್ಗಿ ನೋಡಿದಳು. ನಾಲ್ಕು ಕಂಬಗಳ ಮೇಲೆ ನಿಂತ ನೀರಿನ ಟ್ಯಾಂಕು! ಅದರ ಏಣಿಯ ಮೇಲೆ ಯಾರದೋ ಚಡ್ಡಿ ಒಣಗುತ್ತಿತ್ತು.

"ಎಪ್ಪತ್ತು ಕಿಲೋಮೀಟರ್ ಹೋಗಿದ್ದೆ. ಯುದ್ಧದ ಟ್ಯಾಂಕು ಅಂತ ಬರೆದಿದ್ರಿ. ಯುದ್ಧ ನಡೀತಾ ಇತ್ತು, ಸುಳ್ಳಲ್ಲ... ಬಕೆಟ್ ಹಿಡಿದವರ ಮಧ್ಯೆ!"

"ಆ ಪೈಪು... ಮೇಲಿಂದ ನೋಡಿದ್ರೆ ತೋಪಿನ ಕೊಳವೆ ಥರಾನೇ..."

ಮಾತು ಮುಗಿಯಲಿಲ್ಲ. ಕೆಲಸಕ್ಕೆ ಸೇರಿ ಎರಡೇ ವಾರ, ಆಗಲೇ ಇಷ್ಟು ದೊಡ್ಡ ತಪ್ಪು! ಅವಳ ಕಣ್ಣು ತುಂಬಿ ಬಂತು.

ಅವನಿಗೆ ಗಾಬರಿಯಾಯಿತು. "ಅಯ್ಯೋ, ಮೇಡಂ... ತುಂಬೋಕೆ ಟ್ಯಾಂಕು ಇದೆಯಲ್ಲ, ಕಣ್ಣು ಯಾಕೆ ತುಂಬ್ತೀರಿ?"

ಅಳುತ್ತಲೇ ಅವಳು ನಕ್ಕುಬಿಟ್ಟಳು. ಕೆಲವರ ಪರಿಚಯ ಹೀಗೆಯೇ ಆಗುತ್ತದೆ, ಜಗಳಕ್ಕೆ ಬಂದು ನಗು ಬಿಟ್ಟು ಹೋಗುತ್ತಾರೆ.

ಅದು ಹಳೆಯ ಯುದ್ಧಗಳ ವಸ್ತುಸಂಗ್ರಹಾಲಯ. ಹಿಂಭಾಗದ ಕೋಣೆಯಲ್ಲಿ ಕೂತು, ಉಪಗ್ರಹ ತೆಗೆದ ಚಿತ್ರಗಳಲ್ಲಿ ಮರಳಿನಲ್ಲಿ ಹೂತ ಟ್ಯಾಂಕು, ತುಕ್ಕು ತಿಂದ ಸೇನಾ ಲಾರಿ, ಕುಸಿದ ಕೋಟೆಗಳನ್ನು ಹುಡುಕುವುದು ಅವಳ ಕೆಲಸ. ಅವಳು ಗುರುತು ಹಾಕಿದಲ್ಲಿಗೆ ನಡೆದುಹೋಗಿ, ಅಳೆದು, ಇದೆಯೋ ಇಲ್ಲವೋ ಹೇಳುವುದು ಅವನ ಕೆಲಸ. ಆಕಾಶದಿಂದ ನೋಡುವ ಅವಳಿಗೆ ಕಚೇರಿಯವರು ಇಟ್ಟ ಹೆಸರು ಹದ್ದಮ್ಮ. ಸೊಂಟದಲ್ಲಿ ಸದಾ ಅಳತೆಪಟ್ಟಿ ಸಿಕ್ಕಿಸಿಕೊಂಡ ಅವನು ಟೇಪು.

ಮರುದಿನವೇ ಇಬ್ಬರೂ ಒಂದು ಕಟ್ಟುಪಾಡು ಮಾಡಿಕೊಂಡರು.

ಮೇಲಿಂದ ತೆಗೆದ ಚಿತ್ರ ಕಣ್ಣಿಗೆ ಮೋಸ ಮಾಡುತ್ತದೆ. ನೆರಳು ಚಿತ್ರದ ತಲೆಯ ಕಡೆಗೆ ಬಿದ್ದಿದ್ದರೆ ಗುಂಡಿ ದಿಬ್ಬದಂತೆಯೂ, ದಿಬ್ಬ ಗುಂಡಿಯಂತೆಯೂ ಕಾಣುತ್ತದೆ. ಚಿತ್ರವನ್ನು ತಲೆಕೆಳಗು ಮಾಡಿ ನೋಡಿದರೆ ನಿಜ ತಿಳಿಯುತ್ತದೆ. ಹಾಗಾಗಿ ಅವನು ಹೊರಡುವ ಹಿಂದಿನ ಸಂಜೆ ತಪ್ಪದೆ ಫೋನ್ ಮಾಡುತ್ತಿದ್ದ.

"ತಿರುಗಿಸಿದ್ರಾ?"

"ತಿರುಗಿಸ್ದೆ."

"ತಲೆ?"

"ನಿಮ್ಮ ಫೋನ್ ಬಂದ್ರೆ ಅದು ತಾನಾಗೇ ತಿರುಗುತ್ತೆ. ಇಡಿ ಇನ್ನ!"

ಇಡಿ ಎಂದವಳು ತಾನು ಇಡುತ್ತಿರಲಿಲ್ಲ. ಆರು ತಿಂಗಳು ಹೀಗೇ ನಡೆಯಿತು.

ಆ ಸೋಮವಾರ, ಕ್ಯಾಂಟೀನಿನ ಬಾಗಿಲಲ್ಲಿ ಅವಳಿಗೆ ತನ್ನದೇ ದನಿ ಕೇಳಿಸಿತು!

"ಇಲ್ಲೊಂದು ನೆರಳಿದೆ ಸಾರ್... ಆ ನೆರಳಿಗೂ ಒಂದು ನೆರಳಿದೆ ಸಾರ್..."

ಅದೇ ಎಳೆತ. ಮಾತಿನ ನಡುವೆ ಅದೇ ಸಣ್ಣ ಉಸಿರು. ಮೇಜಿನ ಸುತ್ತ ನಗೆಯೋ ನಗೆ. ನಡುವೆ ಕೂತು ಅಣಕಿಸುತ್ತಿದ್ದವನು... ಟೇಪು!

'ಇಷ್ಟು ದಿನ ನನ್ನ ಮಾತು ಕೇಳ್ತಿದ್ದದ್ದು ಇದಕ್ಕಾ?'

ಎರಡೇ ದಿನದಲ್ಲಿ ಜೀಪಿನ ಡ್ರೈವರ್ ಮಾವ, ಟಿಕೆಟ್ ಕೌಂಟರಿನವಳು, ಎಲ್ಲರ ಬಾಯಲ್ಲೂ ಅವಳ ದನಿ. ಕಚೇರಿ ತುಂಬ ಹದ್ದಮ್ಮಗಳು!

ಗುರುವಾರ ಸಂಜೆ ಅವನ ಫೋನ್ ಬಂತು. ಎತ್ತಲಿಲ್ಲ. ಮತ್ತೆ ಬಂತು. ಎತ್ತಲಿಲ್ಲ. ಹೊಸ ಜಾಗದ ಚಿತ್ರವನ್ನು ಮೇಲ್ ಮಾಡಿ, ಕೆಳಗೆ ಬರೆದಳು: 'ದಿಬ್ಬಗಳ ಸಾಲಿನ ಆಚೆ ಟ್ಯಾಂಕು ಇದೆ. ಸಾಲಿನ ನಡುವೆ ಖಾಲಿ ಜಾಗವಿದೆ. ಅಲ್ಲಿಂದ ದಾಟಿ.'

ಚಿತ್ರವನ್ನು ಅವಳು ತಿರುಗಿಸಿ ನೋಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತೂವರೆ. ಅದೇ ಚಿತ್ರದ ಪ್ರಿಂಟನ್ನು ಫೈಲಿಗೆ ಹಾಕಲು, ತೂತು ಹೊಡೆಯುವ ಯಂತ್ರಕ್ಕೆ ತಿರುಗಿಸಿ ಹಿಡಿದಳು.

ಕೈ ಅಲ್ಲೇ ನಿಂತಿತು.

ದಿಬ್ಬಗಳಿರಲಿಲ್ಲ. ಗುಂಡಿಗಳಿದ್ದವು. ಹನ್ನೊಂದು! ಒಂದೇ ಗಾತ್ರ, ಒಂದೇ ಸಾಲು, ಒಂದೇ ಅಂತರ. ನೆಲ ತಾನಾಗಿ ಇಷ್ಟು ಅಚ್ಚುಕಟ್ಟಾಗಿ ಕುಸಿಯುವುದಿಲ್ಲ.

ನೆಲಬಾಂಬು ಸಿಡಿದ ಗುಂಡಿಗಳು! ಅರ್ಧ ಮಣ್ಣು ತುಂಬಿಕೊಂಡ ಅವು ನಡೆದುಹೋಗುವವನಿಗೆ ಮಾಮೂಲು ಹಳ್ಳಗಳಂತೆ ಕಾಣುತ್ತವೆ.

ಸಾಲಿನಲ್ಲಿ ಎರಡು ಕಡೆ ಮಾತ್ರ ಗುಂಡಿ ಇರಲಿಲ್ಲ. ಅಂದರೆ ಅಲ್ಲಿನವು... ಇನ್ನೂ ಸಿಡಿದಿಲ್ಲ.

'ಖಾಲಿ ಜಾಗವಿದೆ. ಅಲ್ಲಿಂದ ದಾಟಿ.'

ಅವನ ಫೋನು ಸ್ವಿಚ್ ಆಫ್. ಅವಸರಕ್ಕೆ ಡ್ರೈವರ್ ಮಾವನ ನಂಬರ್ ಎರಡು ಸಲ ತಪ್ಪಿತು. ಮೂರನೇ ಸಲ ಹತ್ತಿತು.

"ಏನಮ್ಮಾ ಹದ್ದಮ್ಮ, ಬೆಳಿಗ್ಗೇನೇ..."

"ಮಾವ, ಟೇಪು ಎಲ್ಲಿ?"

"ಆಗ್ಲೇ ನಡ್ಕೊಂಡು ಹೋದ್ರಲ್ಲ. ಅಲ್ಲಿ ಕಾಣ್ತಿದಾರೆ, ಬಯಲಿನ ಮಧ್ಯೆ."

"ಕೂಗಿ ಮಾವ! ನಿಲ್ಲಿಸಿ! ಮುಂದೆ ನೆಲದಲ್ಲಿ ಬಾಂಬಿದೆ!"

"ಬಾಂಬಾ? ಹೋಗಮ್ಮ, ನಿಂದೊಂದು..."

"ಮಾವಾ!"

ಆ ಕೂಗಿಗೆ ಮುದುಕನ ನಗು ಇಂಗಿಹೋಯಿತು. ಪ್ರದರ್ಶನಗಳನ್ನು ಊರೂರಿಗೆ ಸಾರಲು ಜೀಪಿನ ಮೇಲೊಂದು ಧ್ವನಿವರ್ಧಕವಿತ್ತು. ಅವನು ಮೈಕಿಗೆ ತನ್ನ ಫೋನನ್ನು ಒತ್ತಿ ಹಿಡಿದ.

"ಟೇಪು, ನಿಂತ್ಕೊಳ್ಳಿ! ಹೆಜ್ಜೆ ಇಡಬೇಡಿ! ಮುಂದೆ ಬಾಂಬಿದೆ!"

ಗಾಳಿಯ ಸದ್ದು. ಕಾದಳು. ಆಮೇಲೆ ಡ್ರೈವರ್ ಮಾವನ ಅಳುದನಿ.

"ನಗ್ತಿದಾರಮ್ಮ... ಕೈ ಆಡಿಸಿ ನಗ್ತಿದಾರೆ. ನಾನೇ ನಿನ್ನ ದನಿ ಮಾಡ್ತಿದೀನಿ ಅನ್ಕೊಂಡಿದಾರೆ. ದಾರಿಯಲ್ಲಿ ಜೀಪಿಳಿದಾಗ 'ಕಾಲಡಿ ಬಾಂಬಿದೆ ಸಾರ್' ಅಂತ ನಿನ್ನ ದನೀಲೇ ಹೆದರಿಸಿದ್ದೆ... ಎಂಥ ಕೆಲಸ ಮಾಡ್ಬಿಟ್ಟೆ!"

"ಎಷ್ಟು ದೂರ ಇದಾರೆ?"

"ಆ ಸಾಲಿಗೆ... ಇಪ್ಪತ್ತು ಹೆಜ್ಜೆ ಇರ್ಬೇಕು. ನಡೀತಿದಾರೆ."

ಅವಳ ದನಿ ಈಗ ಅವಳದಲ್ಲ, ಎಲ್ಲರದು. ಅದನ್ನು ಅವನು ನಂಬುವುದಿಲ್ಲ. ಅಣಕಿಸಲು ಬಾರದ ಮಾತೊಂದು ಬೇಕು. ಅವರಿಬ್ಬರಿಗೇ ಗೊತ್ತಿರುವ ಮಾತು...

ಒಂದೇ ಒಂದಿತ್ತು. ಅದನ್ನು ಜನ್ಮದಲ್ಲಿ ಬಾಯಿ ಬಿಡಬಾರದೆಂದುಕೊಂಡಿದ್ದಳು.

"ಮಾವ, ಮೈಕ್ ಹಿಡೀರಿ."

ಅವಳು ಕಣ್ಣು ಮುಚ್ಚಿದಳು.

"ಹೋದ ತಿಂಗಳು ಕುಸಿದ ಕೋಟೆ ಮೇಲೆ ನಿಂತು ಫೋನಲ್ಲಿ ಒಂದು ಮಾತು ಕೇಳಿದ್ರಿ! ನನ್ನ ಜೊತೆ ಬಾಳ್ತೀರಾ ಅಂತ! ಸಿಗ್ನಲ್ ಇಲ್ಲ, ಏನೂ ಕೇಳಿಸ್ತಿಲ್ಲ ಅಂದೆ. ನೀವೂ ಮತ್ತೆ ಕೇಳಲಿಲ್ಲ. ಸುಳ್ಳು ಹೇಳಿದ್ದೆ! ಕೇಳಿಸಿತ್ತು! ಒಂದೊಂದು ಅಕ್ಷರವೂ ಕೇಳಿಸಿತ್ತು! ಹೆದರಿಕೆ ಆಯ್ತು, ಅದಕ್ಕೆ... ಈಗ ಅದರ ನೂರರಷ್ಟು ಹೆದರಿಕೆ ಆಗ್ತಿದೆ. ನಾನೇ ಕಣ್ರೀ ಮಾತಾಡ್ತಿರೋದು. ನಿಂತುಬಿಡಿ!"

ಫೋನಿನಲ್ಲಿ ಬರೀ ಗಾಳಿ.

ಒಂದು ಉಸಿರು... ಎರಡು...

"ನಿಂತ್ರು!" ಡ್ರೈವರ್ ಮಾವ ಚೀರಿದ. "ಎತ್ತಿದ ಕಾಲನ್ನ ಹಾಗೇ ಹಿಂದಕ್ಕೆ ತಗೊಂಡು ಇಟ್ರು. ಕಂಬದ ಹಾಗೆ ನಿಂತಿದಾರಮ್ಮ!"

"ಅಲ್ಲಾಡಬೇಡಿ ಅನ್ನಿ. ಹಿಂದಕ್ಕೂ ಬೇಡ. ಹಿಂದೆ ಇನ್ನೊಂದು ಸಾಲಿದ್ರೆ... ಅದು ನನಗೂ ಗೊತ್ತಿಲ್ಲ."

ಅವಳ ಕೂಗು ಕೇಳಿ ಓಡಿಬಂದ ಸಂಗ್ರಹಾಲಯದ ನಿರ್ದೇಶಕರು ಸೈನ್ಯದ ಬಾಂಬು ತೆಗೆಯುವ ದಳಕ್ಕೆ ಫೋನ್ ಮಾಡಿದರು. ಅವರು ತಲುಪಲು ಎರಡು ಗಂಟೆ. ಅಲ್ಲಿಯವರೆಗೆ ಅವನು ನೆತ್ತಿಯ ಮೇಲಿನ ಬಿಸಿಲಲ್ಲಿ, ಎರಡು ಬೂಟಿನಗಲ ನೆಲದ ಮೇಲೆ ನಿಂತಿರಬೇಕು. ತಲೆ ಸುತ್ತಿದರೆ? ಕಾಲು ಸೋತರೆ? ಒಂದು ಸಲ ತೂಕಡಿಸಿ ವಾಲಿದರೂ...

ಹನ್ನೆರಡಕ್ಕೆ ಕಚೇರಿಯ ಫೋನು ಹೊಡೆದುಕೊಂಡಿತು. ಅವನ ತಾಯಿ!

"ಮಗಳೇ, ನಮ್ಮವನ ಫೋನ್ ಹತ್ತುತ್ತಿಲ್ಲ. ಊಟಕ್ಕೆ ಬರ್ತಾನಾ, ಇಲ್ಲಾ ಹೊರಗೇ ತಿಂತಾನಾ?"

ಅವಳು ಗೋಡೆಯ ಗಡಿಯಾರ ನೋಡಿದಳು.

"ಬರ್ತಾರೆ ಅಮ್ಮ... ಸ್ವಲ್ಪ ತಡ ಆಗುತ್ತೆ."

"ತಡ ಆದ್ರೂ ಪರವಾಗಿಲ್ಲ, ಬಂದ್ರೆ ಸಾಕು."

ಆ ತಾಯಿ ಸುಮ್ಮನೆ ಹೇಳಿದ ಮಾತು. ಅವಳ ಎದೆಯನ್ನು ಹಿಂಡಿತು. 'ಬಂದ್ರೆ ಸಾಕು... ನನ್ನ ಜೊತೆ ಮಾತು ಬಿಟ್ರೂ ಸರಿ, ಬಂದ್ರೆ ಸಾಕು!'

ದಳ ಬಂತು. ಮೊಣಕಾಲೂರಿ, ಅಂಗೈಯಗಲ ಅಂಗೈಯಗಲ ನೆಲ ತಡಕುತ್ತ ಅವನ ಬಳಿ ತಲುಪಲು ಇನ್ನೂ ಒಂದು ಗಂಟೆ ಹಿಡಿಯಿತು. ಡ್ರೈವರ್ ಮಾವ ಪ್ರತಿ ಹೆಜ್ಜೆಯನ್ನೂ ಫೋನಿನಲ್ಲಿ ಹೇಳುತ್ತ ಹೋದ. ಒಮ್ಮೆ ಅವನ ಮಾತು ಪೂರಾ ನಿಂತಿತು. ಆ ಕ್ಷಣದಲ್ಲಿ ಅವಳ ಪ್ರಾಣವೂ ನಿಂತಿತ್ತು.

"ಒಂದು ಸಿಕ್ತಂತಮ್ಮ." ದನಿ ಪಿಸುಗುಟ್ಟಿತು. "ನೀನು ಖಾಲಿ ಅಂದ ಜಾಗದಲ್ಲೇ. ಅವರ ಬೂಟಿನಿಂದ ಎರಡು ಮೊಳ."

ಸಂಜೆ ನಾಲ್ಕಕ್ಕೆ ಅವನು ಅವಳ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಮುಖ ಕೆಂಡದಂತಾಗಿತ್ತು, ತುಟಿ ಒಡೆದಿತ್ತು. ಹೊಸ್ತಿಲು ದಾಟುವ ಮುನ್ನ ಒಮ್ಮೆ ಕೆಳಗೆ ನೋಡಿಕೊಂಡ.

"ನಾನು ತಿರುಗಿಸಲಿಲ್ಲ," ಎಂದಳು. "ಕೋಪಕ್ಕೆ. ನಿಮ್ಮನ್ನ ಕೊಂದುಬಿಡ್ತಿದ್ದೆ... ಇನ್ನು ಮೇಲೆ ನಾನು ಯಾವ ಗುರುತೂ ಹಾಕಲ್ಲ."

"ಹಾಕ್ತೀರಿ. ನಾನು ಫೋನ್ ಮಾಡ್ತೀನಿ, ನೀವು ಎತ್ತುತ್ತೀರಿ."

"ಮತ್ತೆ ನನ್ನ ದನಿ ಕಲಿಯೋಕಾ?"

ಅವನು ತಲೆ ತಗ್ಗಿಸಿದ.

"ಪ್ರತಿ ಸಲ ಫೋನ್ ಇಟ್ಟ ಮೇಲೆ ಕೋಣೆಯಲ್ಲಿ ಒಬ್ಬನೇ ನಿಮ್ಮ ಹಾಗೆ ಮಾತಾಡ್ಕೋತಿದ್ದೆ. ಆ ದನಿ ಇನ್ನೊಂಚೂರು ಹೊತ್ತು ಇರಲಿ ಅಂತ. ಕ್ಯಾಂಟೀನಲ್ಲಿ ಬಾಯಿ ಜಾರಿತು. ತಪ್ಪಾಯ್ತು."

ಅವಳು ಮೇಜಿನಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅದಿರಲಿ," ಅವನೆಂದ, "ಕೇಳಿಸಿತ್ತು ಅಂದ್ರಿ. ಉತ್ತರ ಹೇಳಲಿಲ್ಲ."

"ಮೊದಲು ಕೂತ್ಕೊಳ್ಳಿ."

"ಉತ್ತರ..."

"ಬಾಳ್ತೀನಿ! ಈಗ ಕೂತ್ಕೋ!"

ನೀವು ಎಂಬುದು ಎಲ್ಲಿ ಬಿದ್ದುಹೋಯಿತೋ ಅವಳಿಗೇ ತಿಳಿಯಲಿಲ್ಲ.

ಅವನ ಒಡೆದ ತುಟಿ ನಗಲು ಹೋಗಿ ನೋವಿಗೆ ಹಿಂಜರಿಯಿತು. "ಯಾಕೆ? ನಾನು ಚೆನ್ನಾಗೇ ನಿಂತಿದೀನಲ್ಲ."

"ನೀನು ಅಲ್ಲಿ ನಿಂತಾಗಿನಿಂದ ನಾನೂ ಕೂತಿಲ್ಲ ಕಣೋ," ಎಂದಳು. ಮೇಜಿನಂಚು ಹಿಡಿದಿದ್ದ ಬೆರಳುಗಳು ಬಿಳಿಚಿಕೊಂಡಿದ್ದವು. "ಕಾಲು ನಿಲ್ತಿಲ್ಲ ನಂಗೆ. ನೀನು ಕೂತ್ರೆ ತಾನೇ ನಾನು ಕೂರೋದು!"

ಅವನು ಒಂದು ಕುರ್ಚಿ ಎಳೆದ. ಕೂರಲಿಲ್ಲ. ಇನ್ನೊಂದನ್ನು ಎಳೆದು ಅದಕ್ಕೆ ತಾಗಿಸಿ ಇಟ್ಟ. ಅವಳ ಕೈಯನ್ನು ಮೇಜಿನಂಚಿನಿಂದ ಮೆಲ್ಲಗೆ ಬಿಡಿಸಿದ.

"ಒಟ್ಟಿಗೆ ಕೂರೋಣ."

"ಹೂಂ... ಒಟ್ಟಿಗೆ."