ನಡುವರ್ಷದ ಚಂದಾ

ಬೆಳಗ್ಗೆ ಹತ್ತೂಕಾಲು. 1957ರ ಜೂನ್ 3, ಸೋಮವಾರ. ಮಡಿಕೇರಿಯ ‘ಬೆಟ್ಟದ ಸುದ್ದಿ’ ವಾರಪತ್ರಿಕೆಯ ಕಚೇರಿಯಲ್ಲಿ ವ್ಯವಸ್ಥಾಪಕ ಕರಿಬಸಪ್ಪನ ಸಂಬಳ ಏರಿಸಲು ಮಾಲೀಕ ಬೊಳ್ಳಪ್ಪ ಒಪ್ಪಲಿಲ್ಲ.

ಕರಿಬಸಪ್ಪ ಕೇಳಿದ್ದು ಹತ್ತೊಂಬತ್ತು ವರ್ಷಗಳಲ್ಲಿ ಮೂರನೆಯ ಸಲ. ಈ ಸಲ ಕಾರಣವನ್ನೂ ಹೇಳಿದ್ದ. ಹೆಂಡತಿ ಸರ್ವಮಂಗಳ ಮೈಸೂರಿನ ಕ್ಷಯದ ಆಸ್ಪತ್ರೆಯಲ್ಲಿ ಮಲಗಿದ್ದಳು. ಹಾಸಿಗೆಗೆ ದುಡ್ಡು ಕೊಡಬೇಕಿಲ್ಲ, ಊಟಕ್ಕೂ ಕೊಡಬೇಕಿಲ್ಲ. ಸೂಜಿಮದ್ದನ್ನು ಮಾತ್ರ ಹೊರಗಿನಿಂದ ಕೊಂಡು ಕೊಡಬೇಕು. ತಿಂಗಳಿಗೆ ಐವತ್ತೆರಡು ರೂಪಾಯಿ, ಇನ್ನೂ ಆರು ತಿಂಗಳು. ನಡುವೆ ನಿಲ್ಲಿಸಿದರೆ ರೋಗ ಮದ್ದಿಗೆ ಬಗ್ಗುವುದಿಲ್ಲ, ನಿಲ್ಲಿಸುವ ಹಾಗಿದ್ದರೆ ಶುರು ಮಾಡುವುದೇ ಬೇಡ ಎಂದು ಡಾಕ್ಟರು ಹೇಳಿದ್ದರು. ಕರಿಬಸಪ್ಪ ಹೆಂಡತಿಯ ಬಳೆ ಮಾರಿ ಶುರು ಮಾಡಿಸಿದ್ದ. ಅವನ ಸಂಬಳ ಅರವತ್ತು ರೂಪಾಯಿ.

“ದುಡ್ಡು ಎಲ್ಲಿಂದ ತರ್ಲಿ ಮಾರಾಯ?” ಎಂದ ಬೊಳ್ಳಪ್ಪ. “ಬರುವ ಜನವರಿಗೆ ಚಂದಾ ಏಳೂವರೆ ಮಾಡುವ. ಆಗ ನಿನ್ನ ಸಂಬಳವೂ ನೋಡುವ.”

“ಜುಲೈಯಿಂದಲೇ ಏರಿಸಬಹುದಲ್ಲ ಸ್ವಾಮಿ? ಉಳಿದ ಅರ್ಧ ವರ್ಷಕ್ಕೆ ಮುಕ್ಕಾಲು ರೂಪಾಯಿ. ಯಾರೂ ಬೇಡ ಅನ್ನಲ್ಲ.”

ಬೊಳ್ಳಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. “ಜನವರಿಯಲ್ಲಿ ಆರು ರೂಪಾಯಿ ಅಂತ ಹೇಳಿ ತಗೊಂಡಾಯ್ತು. ಡಿಸೆಂಬರ್ ತನಕ ಅದೇ. ನಡುವಲ್ಲಿ ಏರಿಸಿದ್ರೆ ನಾವು ಪತ್ರಿಕೆಯವರಾ, ಸಂತೆಯವರಾ?”

ಕರಿಬಸಪ್ಪನ ತಂದೆ ಶನಿವಾರಸಂತೆಯಲ್ಲಿ ಮೆಣಸಿನಕಾಯಿ ಮಾರಿ ಮಕ್ಕಳನ್ನು ಓದಿಸಿದ್ದವರು. ಬೊಳ್ಳಪ್ಪನಿಗೆ ಅದು ಗೊತ್ತಿತ್ತು. ಮರೆತು ಹೇಳಿದ್ದನೋ ನೆನಪಿಟ್ಟುಕೊಂಡೇ ಹೇಳಿದ್ದನೋ, ಕರಿಬಸಪ್ಪ ಅದನ್ನು ಎರಡು ದಿನ ಯೋಚಿಸಿದ. ಮೂರನೆಯ ದಿನ ಯೋಚನೆ ಬೇರೆ ಕಡೆ ತಿರುಗಿತು. ಚಂದಾ ಏರಿಸಲು ಬೊಳ್ಳಪ್ಪನ ಒಪ್ಪಿಗೆ ಯಾಕೆ ಬೇಕು?

ಪತ್ರಿಕೆ ಅಚ್ಚಾಗುತ್ತಿದ್ದದ್ದು ಸಾವಿರ ಪ್ರತಿ. ಮುನ್ನೂರ ಅರವತ್ತು ಮಡಿಕೇರಿಯಲ್ಲೇ ಕೈಯಿಂದ ಹಂಚಿಹೋಗುತ್ತಿದ್ದವು. ಆರುನೂರ ನಲವತ್ತು ಅಂಚೆಯಲ್ಲಿ ಹೋಗುತ್ತಿದ್ದವು. ಅಂಚೆಯವುಗಳಿಗೆ ಸುತ್ತುವ ಕಾಗದದ ಮೇಲೆ ವಿಳಾಸ ಬರೆಯುತ್ತಿದ್ದವನು ಕರಿಬಸಪ್ಪ. ಆರುನೂರ ನಲವತ್ತು ಹೆಸರೂ ಅವನಿಗೆ ಬಾಯಿಪಾಠ.

ಅವನು ಆ ವಿಳಾಸಗಳನ್ನೇ ಮುಂದಿಟ್ಟುಕೊಂಡು ಒಂದೊಂದಾಗಿ ಆರಿಸಿದ. ವಕೀಲರನ್ನು ಬಿಟ್ಟ, ಅವರು ಓದಿದ್ದನ್ನೆಲ್ಲ ಪ್ರಶ್ನಿಸುತ್ತಾರೆ. ಮೇಷ್ಟ್ರುಗಳನ್ನು ಬಿಟ್ಟ, ಅವರು ಕಾಗದ ಬರೆಯುತ್ತಾರೆ. ಸರ್ಕಾರಿ ನೌಕರರು, ಬೊಳ್ಳಪ್ಪನ ನೆಂಟರು, ತಿಂಗಳಿಗೊಮ್ಮೆ ಕಚೇರಿಗೆ ಬಂದು ಕಾಫಿ ಕುಡಿಯುವವರು, ಎಲ್ಲರನ್ನೂ ಬಿಟ್ಟ. ಬಿಟ್ಟದ್ದು ಎಂಬತ್ತು. ಉಳಿದದ್ದು ಐನೂರ ಅರವತ್ತು: ದೂರದ ಎಸ್ಟೇಟುಗಳಲ್ಲಿ ಲೆಕ್ಕ ಬರೆಯುವ ರೈಟರುಗಳು, ಗಡಿಯ ಹಳ್ಳಿಗಳವರು, ಬೊಂಬಾಯಿಯಲ್ಲಿ ಕೆಲಸಕ್ಕಿದ್ದವರು, ಸೈನ್ಯದಲ್ಲಿದ್ದವರು. ಸೈನ್ಯದ ಹೆಸರುಗಳು ಅವನಿಗೆ ವಿಶೇಷ ಸಮಾಧಾನ ಕೊಟ್ಟವು. ಕಾಶ್ಮೀರದಲ್ಲಿರುವ ಹವಾಲ್ದಾರ ಮುಕ್ಕಾಲು ರೂಪಾಯಿಯ ವಿಷಯ ಕೇಳಲು ಮಡಿಕೇರಿಗೆ ಬರುವುದಿಲ್ಲ.

ನಾಲ್ಕರಲ್ಲಿ ಮೂವರು ಕೊಡುತ್ತಾರೆಂದು ಹಿಡಿದ. ನಾನೂರ ಇಪ್ಪತ್ತು ಮಂದಿ, ತಲಾ ಎಪ್ಪತ್ತೈದು ನಯಾಪೈಸೆ, ಮುನ್ನೂರ ಹದಿನೈದು ರೂಪಾಯಿ. ಆರು ತಿಂಗಳ ಮದ್ದಿಗೆ ಮುನ್ನೂರ ಹನ್ನೆರಡು.

ಹಣ ಮನಿಯಾರ್ಡರಿನಲ್ಲಿ ಬರಬಾರದು. ಮನಿಯಾರ್ಡರ್ ಬಂದರೆ ಪೋಸ್ಟ್‌ಮನ್ ಬೊಳ್ಳಪ್ಪನ ಸಹಿ ಕೇಳುತ್ತಾನೆ. ಆದ್ದರಿಂದ ಅಂಚೆ ಚೀಟಿಗಳಲ್ಲಿ ತರಿಸುವುದು. ಸಣ್ಣ ಮೊತ್ತವನ್ನು ಲಕೋಟೆಯಲ್ಲಿ ಚೀಟಿ ಹಾಕಿ ಕಳುಹಿಸುವುದು ಎಲ್ಲರಿಗೂ ರೂಢಿಯಾಗಿತ್ತು. ಟಪಾಲು ತರುವವನು ಕರಿಬಸಪ್ಪನೇ, ಒಡೆಯುವವನೂ ಅವನೇ. ವಾರ ವಾರ ಪತ್ರಿಕೆಯ ಅಂಚೆ ಖರ್ಚಿಗೆಂದು ಬೊಳ್ಳಪ್ಪ ಅವನ ಕೈಗೆ ಹದಿಮೂರು ರೂಪಾಯಿ ನಗದು ಕೊಡುತ್ತಿದ್ದ. ಇನ್ನು ಮುಂದೆ ಆ ನಗದು ಜೇಬಿಗೆ, ಬಂದ ಚೀಟಿ ಪತ್ರಿಕೆಗೆ. ಅಂಚೆಗೆ ಒಂದು ಕಾಸೂ ಕಡಿಮೆಯಾಗುವುದಿಲ್ಲ, ಮಾಲೀಕನಿಗೂ ಆಗುವುದಿಲ್ಲ. ಜನವರಿಯಲ್ಲಿ ಬೊಳ್ಳಪ್ಪ ತಾನೇ ಏಳೂವರೆ ಮಾಡುತ್ತಾನೆ. ಅಲ್ಲಿಗೆ ಸುಳ್ಳು ಬೆಲೆಯೇ ನಿಜವಾದ ಬೆಲೆಯಾಗುತ್ತದೆ. ಇದನ್ನು ಯೋಚಿಸಿದಾಗ ಕರಿಬಸಪ್ಪನಿಗೆ ತಾನು ಕದಿಯುತ್ತಿಲ್ಲ, ಆರು ತಿಂಗಳು ಮುಂಚೆ ವಸೂಲು ಮಾಡುತ್ತಿದ್ದೇನೆ ಎನ್ನಿಸಿತು.

ಉಳಿದದ್ದು ಪ್ರಕಟಣೆ. ಬೇರೆ ಕರಪತ್ರ ಅಚ್ಚು ಹಾಕಿಸಿದರೆ ಅದು ಸಾಕ್ಷಿಯಾಗಿ ಉಳಿಯುತ್ತದೆ. ಪತ್ರಿಕೆಯೊಳಗೇ ಬಂದರೆ ಅದು ಪತ್ರಿಕೆಯ ಮಾತು.

ಜೂನ್ 28, ಶುಕ್ರವಾರ. ಅಚ್ಚಿನ ಮೊಳೆ ಜೋಡಿಸುವ ಸಣ್ಣಸ್ವಾಮಿ ಸುಂಟಿಕೊಪ್ಪದವನು. ಸಂಜೆ ನಾಲ್ಕರ ಬಸ್ಸಿಗೆ ಹೊರಟುಹೋದ. ಬೊಳ್ಳಪ್ಪ ಕರಡು ನೋಡಿ ಸಹಿ ಹಾಕಿ ಮನೆಗೆ ಹೋದ. ಯಂತ್ರ ತುಳಿಯುವ ಮಲ್ಲ ಒಬ್ಬನೇ ಉಳಿದ. ಮಲ್ಲನಿಗೆ ಓದು ಬಾರದು.

ಮಡಿಕೇರಿಯವರಿಗೂ ಬಿಟ್ಟ ಎಂಬತ್ತು ಮಂದಿಗೂ ಬೇಕಾದ ನಾನೂರ ನಲವತ್ತು ಪ್ರತಿ ಇಳಿದ ಮೇಲೆ ಕರಿಬಸಪ್ಪ ಕೈ ಎತ್ತಿದ. “ನಿಲ್ಲಿಸು. ಮೊಳೆ ಸಡಿಲಾಗಿದೆ.”

“ಮೊಳೆ ಸಡಿಲಾದ್ರೆ ನಿಲ್ಲಿಸ್ತೀರಿ. ನನ್ನ ಕಾಲು ಸಡಿಲಾಗಿ ಹತ್ತು ವರ್ಷ ಆಯ್ತು, ಒಂದ್ಸಲ ಆದ್ರೂ ನಿಲ್ಲಿಸಿದ್ರಾ ಬುದ್ಧಿ?” ಎಂದು ಮಲ್ಲ ಬೀಡಿ ಹುಡುಕುತ್ತ ಹೊರಗೆ ಹೋದ.

ನಾಲ್ಕನೆಯ ಪುಟದ ಕೆಳಮೂಲೆಯಲ್ಲಿ ಸಕ್ಕರೆ ಡಬ್ಬಿಗೆ ಇರುವೆ ಬಾರದ ಹಾಗೆ ಮಾಡುವ ಉಪಾಯ ಆರು ಸಾಲಿನಲ್ಲಿತ್ತು. ಕರಿಬಸಪ್ಪ ಅದನ್ನು ಎತ್ತಿ, ತಾನೇ ಮುಂಚೆ ಜೋಡಿಸಿಟ್ಟಿದ್ದ ಆರು ಸಾಲನ್ನು ಕೂರಿಸಿದ. ಕಾಗದದ ಬೆಲೆ ಏರಿರುವುದರಿಂದ ಜುಲೈ ಒಂದರಿಂದ ವಾರ್ಷಿಕ ಚಂದಾ ಏಳೂವರೆ ರೂಪಾಯಿ. ಉಳಿದ ಅರ್ಧ ವರ್ಷಕ್ಕೆ ಚಂದಾದಾರರು ಎಪ್ಪತ್ತೈದು ನಯಾಪೈಸೆಯ ಸಣ್ಣ ಅಂಚೆ ಚೀಟಿಗಳನ್ನು ವ್ಯವಸ್ಥಾಪಕರ ಹೆಸರಿಗೆ ಕಳುಹಿಸಬೇಕು. ಮಲ್ಲ ಬೀಡಿ ಮುಗಿಸಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಐನೂರ ಅರವತ್ತು ಪ್ರತಿ ಅಚ್ಚಾದ ಮೇಲೆ ಇರುವೆಗಳು ತಮ್ಮ ಜಾಗಕ್ಕೆ ಮರಳಿದವು. ಪ್ರಕಟಣೆಯ ಮೊಳೆಗಳನ್ನು ಅವನು ಬಿಡಿಸಿ ಒಂದೊಂದನ್ನೂ ಮೊಳೆಪೆಟ್ಟಿಗೆಯಲ್ಲಿ ಅದರದರ ಮನೆಗೆ ಹಾಕಿದ. ಕಚೇರಿಯ ಕಡತಕ್ಕೆ ಮೊದಲ ಕಟ್ಟಿನ ಪ್ರತಿ ಸೇರಿತು.

ಜುಲೈ ಎರಡನೆಯ ವಾರದಿಂದ ಲಕೋಟೆಗಳು ಬರತೊಡಗಿದವು. ಕೆಲವರು ಏನೂ ಬರೆಯಲಿಲ್ಲ. ಕೆಲವರು ಪತ್ರಿಕೆ ಚೆನ್ನಾಗಿದೆ, ಕಾಳುಮೆಣಸಿನ ಧಾರಣೆ ಇನ್ನಷ್ಟು ಹಾಕಿ ಎಂದು ಬರೆದರು. ಬೈದವರು ಇಬ್ಬರು, ಅವರೂ ಚೀಟಿ ಇಟ್ಟೇ ಬೈದಿದ್ದರು. ಜುಲೈ 31ರಂದು ಐವತ್ತೆರಡು ರೂಪಾಯಿ ಮೈಸೂರಿಗೆ ಹೋಯಿತು. ಸರ್ವಮಂಗಳ ಕಾರ್ಡು ಬರೆಸಿದಳು: ಜ್ವರ ಇಳಿದಿದೆ, ರಾತ್ರಿ ಬೆವರುವುದು ನಿಂತಿದೆ, ಸಂಬಳ ಏರಿಸಿದ ಬೊಳ್ಳಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ. ಕರಿಬಸಪ್ಪ ಕಾರ್ಡನ್ನು ಒಲೆಗೆ ಹಾಕಿದ.

ಆಗಸ್ಟ್ 26, ಸೋಮವಾರ. ಹನ್ನೊಂದು ಗಂಟೆಗೆ ಅವನು ಟಪಾಲು ಹಿಡಿದು ಅಂಚೆ ಕಚೇರಿಯಿಂದ ಬಂದಾಗ ಬೊಳ್ಳಪ್ಪನ ಎದುರಿನ ಕುರ್ಚಿಯಲ್ಲಿ ಒಬ್ಬಳು ಮುದುಕಿ ಕೂತಿದ್ದಳು. ಮೂರ್ನಾಡಿನ ಬೆಳ್ಳಮ್ಮ. ಬೊಳ್ಳಪ್ಪನ ಊರಿನ ಕಡೆಯವಳು, ವಿಧವೆ. ಮೇಜಿನ ಮೇಲೆ ಎಪ್ಪತ್ತೈದು ನಯಾಪೈಸೆಯ ಲೆಕ್ಕಕ್ಕೆ ಹನ್ನೆರಡಾಣೆ ಚಿಲ್ಲರೆ ಬಿದ್ದಿತ್ತು.

“ನಿಮ್ಮ ಮಾತಿಗೆ ಒಂದು ವರ್ಷದ ಆಯುಸ್ಸೂ ಇಲ್ಲೆ ಅಲ್ಲ ಬೊಳ್ಳಪ್ಪಣ್ಣ?” ಎನ್ನುತ್ತಿದ್ದಳು ಅವಳು. “ಆರು ರೂಪಾಯಿ ಇಸ್ಕೊಂಡಾಗ ಏನ್ ಹೇಳಿದ್ರಿ? ಡಿಸೆಂಬರ್ ತನಕ ಈ ಕಡೆ ತಲೆ ಹಾಕ್ಬೇಡ ಬೆಳ್ಳಕ್ಕ ಅಂತ. ಈಗ ಮಳೆಲಿ ಬಸ್ಸು ಹತ್ತಿಸಿದ್ರಿ. ತಕ್ಕೊಳ್ಳಿ, ರಸೀದಿ ಕೊಡಿ.”

“ನಿನ್ನ ಹತ್ರ ದುಡ್ಡು ಕೇಳಿದ್ದು ಯಾರು ಬೆಳ್ಳಕ್ಕ?”

“ಯಾರು ಎಂಥ, ನಿಮ್ಮ ಪೇಪರೇ ಕೇಳ್ತಾ ಉಂಟು.”

ಕರಿಬಸಪ್ಪ ಟಪಾಲನ್ನು ಮೇಜಿನ ಮೇಲಿಟ್ಟ. ಮೂರ್ನಾಡಿನ ಹನ್ನೊಂದು ವಿಳಾಸಗಳನ್ನು ಮನಸ್ಸಿನಲ್ಲೇ ಓದಿ ಮುಗಿಸಿದ. ಬೆಳ್ಳಮ್ಮ ಎಂಬ ಹೆಸರು ಅದರಲ್ಲಿರಲಿಲ್ಲ.

“ಇವರು ನಮ್ಮ ಚಂದಾದಾರರೇ ಅಲ್ಲ ಸ್ವಾಮಿ,” ಎಂದ. “ಯಾವುದೋ ಬೇರೆ ಪೇಪರು ಇರಬೇಕು.”

ಬೊಳ್ಳಪ್ಪ ಅವನನ್ನು ನೋಡಿದ. ನಂತರ ಎದ್ದು, ಜನವರಿಯಲ್ಲಿ ಹಣ ಪಡೆದು ತಾನೇ ಬರೆದಿದ್ದ ರಸೀದಿ ಪುಸ್ತಕವನ್ನು ಬೀರುವಿನಿಂದ ತೆಗೆದ. 212ನೆಯ ರಸೀದಿ, ಜನವರಿ 9: ಕೊಟ್ಟವರು ಮೂರ್ನಾಡಿನ ಬೆಳ್ಳಮ್ಮ, ಪತ್ರಿಕೆ ಹೋಗಬೇಕಾದದ್ದು ಮಗ ಹವಾಲ್ದಾರ ಕುಟ್ಟಪ್ಪನಿಗೆ, ಕಾಶ್ಮೀರಕ್ಕೆ. ಸುತ್ತುಕಾಗದದ ಮೇಲೆ ಓದುವವರ ಹೆಸರಿರುತ್ತದೆ, ಹಣ ಕಟ್ಟುವವರದ್ದಲ್ಲ. ಸೈನ್ಯಕ್ಕೆ ಹೋಗುತ್ತಿದ್ದ ಮೂವತ್ತೊಂದು ಪ್ರತಿಗಳಲ್ಲಿ ಒಂದಕ್ಕೂ ಸೈನಿಕ ಚಂದಾ ಕಟ್ಟುತ್ತಿರಲಿಲ್ಲ. ಊರಿನಿಂದ ತಾಯಿಯೋ ತಂದೆಯೋ ಕಟ್ಟುತ್ತಿದ್ದರು. ಕುಟ್ಟಪ್ಪ ಪ್ರಕಟಣೆಯನ್ನು ಕತ್ತರಿಸಿ, ಹಣ ಕಟ್ಟಿ ರಸೀದಿ ತಗೊಳ್ಳಿ ಎಂದು ತಾಯಿಗೆ ಬರೆದ ಕಾಗದದೊಳಗೆ ಇಟ್ಟಿದ್ದ. ಬೆಳ್ಳಮ್ಮ ಅದನ್ನು ಸೊಂಟದ ಚೀಲದಿಂದ ತೆಗೆದು ಕೊಟ್ಟಳು. ಬೊಳ್ಳಪ್ಪ ಆ ಆರು ಸಾಲನ್ನು ಜೂನ್ ಕೊನೆಯ ಸಂಚಿಕೆಯ ಕಡತದ ಪ್ರತಿಯ ನಾಲ್ಕನೆಯ ಪುಟದ ಪಕ್ಕಕ್ಕಿಟ್ಟು ಎರಡು ಸಲ ಓದಿದ. ಆ ಜಾಗದಲ್ಲಿ ಇದ್ದದ್ದು ಇರುವೆಯ ಉಪಾಯ. ಆಮೇಲೆ ಆ ದಿನದ ಟಪಾಲನ್ನು ಒಡೆದ. ಐದು ಲಕೋಟೆಗಳಲ್ಲಿ ಮೂರರಲ್ಲಿ ಅಂಚೆ ಚೀಟಿಗಳಿದ್ದವು. ಹನ್ನೊಂದೂ ನಲವತ್ತಕ್ಕೆ ಮಲ್ಲನನ್ನು ಪೊಲೀಸ್ ಠಾಣೆಗೆ ಕಳುಹಿಸಲಾಯಿತು. ಆಗಸ್ಟ್ 31ರಂದು ಮೈಸೂರಿನ ಆಸ್ಪತ್ರೆಗೆ ಮಡಿಕೇರಿಯಿಂದ ಮನಿಯಾರ್ಡರ್ ಬರಲಿಲ್ಲ. ಸೆಪ್ಟೆಂಬರ್ 2ರಿಂದ ಸರ್ವಮಂಗಳಳಿಗೆ ಸೂಜಿಮದ್ದು ನಿಂತಿತು.