ಕಂದು ಲಾರಿಗೆ ಇನ್ನೊಂದು ಕೋಟ್

ಕ್ರೇನ್ ಅವನ ಹುಬ್ಬಿಗೆ ಬಡಿದು ನೆಲಕ್ಕೆ ಬಿತ್ತು. ಅಂಗೈಯಷ್ಟು ಉದ್ದದ ಮಾದರಿ ಕ್ರೇನ್. ಆದರೆ ಅದರ ತೋಳು ಹಿತ್ತಾಳೆಯದು. ರಕ್ತ ಕಣ್ಣಿಗಿಳಿಯಿತು.

ಎಸೆದವಳು ಮಾದರಿ ವಾಹನ ತಯಾರಿಸುವ ಆ ವರ್ಕ್‌ಶಾಪಿನ ಮಾಲೀಕನ ತಂಗಿ. ಬಿಡಿಭಾಗಗಳನ್ನು ಕತ್ತರಿಸಿ ಅಂಟಿಸುವುದು ಅವಳ ಕೆಲಸ. ತಾನು ಜೋಡಿಸಿದ ಕ್ರೇನಿಗೆ ಹೊಸ ಪೇಂಟರ್ ಗುಲಾಬಿ ಬಣ್ಣ ಹೊಡೆದದ್ದನ್ನು ಕಂಡು, ಹೆಂಗಸಿನ ಕೆಲಸವೆಂದು ಗೇಲಿ ಮಾಡಿದ್ದಾನೆ ಎಂದುಕೊಂಡಿದ್ದಳು. ಅಣ್ಣನ ಹಾಗೆ ಅವಳಿಗೂ ಮಾತಿಗಿಂತ ಕೈ ಮುಂದು.

"ಹಳದಿ ಕೆಳಗೆ ಮೊದಲು ಗುಲಾಬಿ ಹೊಡೀಬೇಕು ಕಣ್ರೀ," ಎಂದ ಅವನು, ಹುಬ್ಬು ಒತ್ತಿಕೊಂಡು. "ಬೂದು ಪ್ರೈಮರ್ ಮೇಲೆ ಹಾಗೇ ಹಳದಿ ಹೊಡೆದ್ರೆ ಹಸಿರಿಗೆ ತಿರುಗುತ್ತೆ. ಹೊಡೆಯೋ ಮುಂಚೆ ಕೇಳ್ಬಹುದಿತ್ತು."

"ಯಾವುದನ್ನ ಹೊಡೆಯೋ ಮುಂಚೆ?"

"ನನ್ನನ್ನ."

ಅವಳು ಬಟ್ಟೆ ತಂದು ಗಾಯ ಒರೆಸಿದಳು. ಬಟ್ಟೆಯಲ್ಲಿ ಥಿನ್ನರ್ ಇತ್ತು. ಅವನು ಉರಿಗೆ ಹಲ್ಲು ಕಚ್ಚಿದ, ಮುಖ ಹಿಂದಕ್ಕೆಳೆಯಲಿಲ್ಲ. ರಕ್ತ ಇಳಿಯದ ಕಣ್ಣು ಅವಳ ಮುಖದ ಮೇಲೇ ಇತ್ತು. ಗೋಡೆ ನೋಡಿ ಎಂದಳು. ಗೋಡೆಯನ್ನು ದಿನಾ ನೋಡುತ್ತೇನೆ ಎಂದ.

ಹಳದಿ ಮೊಂಡು ಬಣ್ಣ. ದಪ್ಪಗೆ ಹೊಡೆದರೆ ಅಂಚು ಬಿಟ್ಟು ಮೂಲೆಯಲ್ಲಿ ಮಡುಗಟ್ಟುತ್ತದೆ. ತೆಳ್ಳಗೆ ಒಂದು ಕೋಟ್ ಕೊಟ್ಟು ಒಣಗಲು ಬಿಡಬೇಕು. ಮತ್ತೊಂದು ಕೊಟ್ಟು ಮತ್ತೆ ಕಾಯಬೇಕು. ಪೇಂಟ್ ಕೋಣೆಯೊಳಗೆ ಇಬ್ಬರೂ ಕಾದರು. ಮೊದಮೊದಲು ಎರಡು ಸ್ಟೂಲುಗಳ ನಡುವೆ ಅಂತರವಿತ್ತು. ಆಮೇಲೆ ಅವಳ ಹೆಬ್ಬೆರಳು ಅವನ ಹುಬ್ಬಿನ ಕಲೆಯ ಮೇಲಿತ್ತು.

ತನ್ನೊಡನೆ ಬಂದುಬಿಡಲು ಅವನು ಕೇಳಿದ್ದ. ಅವಳು ಉತ್ತರ ಕೊಟ್ಟಿರಲಿಲ್ಲ. ಅವಳನ್ನು ಗೇಟಿನವರೆಗೆ ಮಾತಾಡಿಸುತ್ತ ಹೋದ ತಪ್ಪಿಗೆ ಹಿಂದಿನ ಪೇಂಟರ್ ಅಣ್ಣನ ಕೈಯಲ್ಲಿ ದವಡೆ ಮುರಿಸಿಕೊಂಡಿದ್ದ. ಆ ಅಣ್ಣನೇ ಅವಳನ್ನು ಸಾಕಿದವನು. ಅವಳ ಮೇಲೆ ಒಮ್ಮೆಯೂ ಕೈಯೆತ್ತಿರಲಿಲ್ಲ.

ಹಳದಿ ಮುಗಿದು ಕಂದು ಲಾರಿಗಳ ಕೆಲಸ ಬಂತು. ಕಂದು ಒಂದೇ ಕೋಟಿಗೆ ಮೈ ಮುಚ್ಚುವ ಬಣ್ಣ. ಅಣ್ಣ ಬಾಗಿಲಲ್ಲಿ ನಿಂತು ಎಷ್ಟು ಹೊತ್ತು ಎಂದು ಕೇಳಿದಾಗ, ಹಳದಿಯ ದಿನಗಳಲ್ಲಿ ರೂಢಿಯಾಗಿಬಿಟ್ಟಿದ್ದ ಉತ್ತರವೇ ಅವಳ ಬಾಯಿಗೆ ಬಂತು.

"ಇನ್ನೊಂದು ಕೋಟ್ ಬಾಕಿ ಇದೆ, ಅಣ್ಣ."

"ಕಂದು ಬಣ್ಣಕ್ಕಾ?"

ಅಣ್ಣನೂ ಪೇಂಟರ್ ಆಗಿದ್ದವನೇ. ಒಳಬಂದು ಚಿಲಕ ಹಾಕಿದ. ಪೇಂಟರನ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದು ಸುತ್ತಿಗೆ ಇಳಿಸಿದ. ಮೂಳೆ ಮುರಿದ ಸದ್ದು ಕಂಪ್ರೆಸರಿನ ಸದ್ದಿನ ನಡುವೆಯೂ ಕೇಳಿಸಿತು. ಎರಡನೇ ಏಟಿಗೆ ಸುತ್ತಿಗೆ ಎದ್ದಾಗ ಅವಳು ಅಣ್ಣನ ಮುಂಗೈಗೆ ಹಲ್ಲೂರಿದಳು. ಅಣ್ಣನ ಇನ್ನೊಂದು ಕೈ ಬೀಸಿತು. ಅವಳ ತುಟಿ ಸೀಳಿತು.

ಅಣ್ಣ ತನ್ನ ಕೈಯನ್ನೇ ನೋಡಿಕೊಂಡ.

"ನಿನಗೆ ಹೊಡೀಬೇಕು ಅಂತ ಅಲ್ಲ ಪುಟ್ಟೀ. ನೀನು ಅಡ್ಡ ಬಂದೆ."

"ಇನ್ನು ಮುಂದೆನೂ ಬರ್ತೀನಿ. ನಾನು ಇವರ ಜೊತೆ ಹೋಗ್ತಿದೀನಿ. ಹೊಡೆಯೋದಿದ್ರೆ ಈಗಲೇ ನನಗೇ ಹೊಡಿ."

ಸುತ್ತಿಗೆ ಮೇಲೆದ್ದಿತು. ಅವಳು ಕಣ್ಣು ಮುಚ್ಚಲಿಲ್ಲ. ಅದು ಅವಳ ತಲೆಯ ಪಕ್ಕದಲ್ಲಿ ಹಾದು ಕಪಾಟಿಗೆ ಬಡಿಯಿತು. ಗಾಜು, ಲಾರಿ, ಚಕ್ರಗಳು ಚೆಲ್ಲಾಪಿಲ್ಲಿಯಾದವು. ಅಣ್ಣ ಗೋಡೆಗೆ ಹಣೆಯಿಟ್ಟು ನಿಂತ. ಅವಳು ಚಿಲಕ ತೆಗೆದಳು.

ಬಸ್ಸಿನಲ್ಲಿ ಪೇಂಟರನ ಊದಿದ ಕೈ ಅವಳ ಮಡಿಲಲ್ಲಿತ್ತು. ಪಕ್ಕದ ಸೀಟಿನವರು ಇಬ್ಬರ ರಕ್ತ ನೋಡಿ ಎದ್ದು ಹೋದರು. ಜಾಗವಾಯಿತು, ಸರಿಯಾಗಿ ಕೂತ್ಕೊಳ್ಳಿ ಎಂದ ಅವನು. ನಗಲು ಹೋಗಿ ಅವಳ ತುಟಿ ಮತ್ತೆ ಒಡೆಯಿತು.

ಸ್ವಲ್ಪ ಹೊತ್ತಿನ ಮೇಲೆ ಅವನು ಮೆಲ್ಲಗೆ ಕೇಳಿದ: "ಅಣ್ಣನಿಗೆ ಹೆದರಿ ಬಂದ್ರಾ, ನನಗೋಸ್ಕರ ಬಂದ್ರಾ?"

"ಹೆದರಿದ್ರೆ ಅಲ್ಲೇ ಇರ್ತಿದ್ದೆ."

ಆಸ್ಪತ್ರೆಯ ಸ್ಟಾಪಿನಲ್ಲಿ ಏಳಲು ಅವನು ಎಡಗೈ ಚಾಚಿದ. ಅವಳು ಹಿಡಿದಳು. ಇಳಿದ ಮೇಲೂ ಬಿಡಲಿಲ್ಲ.