ಬಲಗೈ ಹೆಬ್ಬೆಟ್ಟು

“ಒಂದ ಕೆಲಸಕ್ಕ ಬರದ ಕೊಡು ನನ್ನವ್ವ. ಎಲ್ಲಾದಕ್ಕೂ ಬರದ ಕೊಡಬ್ಯಾಡ.”

ಗುರುಬಸವ್ವ ಇದನ್ನು ಮೂರನೆಯ ಸಲ ಹೇಳಿದಳು, ನಿವೇದಿತಾ ಮೂರನೆಯ ಸಲ ನಕ್ಕಳು. ಕ್ಯಾಂಪ್‌ಬೆಲ್‌ನ ಅಪಾರ್ಟ್‌ಮೆಂಟಿನ ಅಡುಗೆಕಟ್ಟೆಯ ಮೇಲೆ ಏಳು ಹಾಳೆಗಳ ಮುಖತ್ಯಾರ ಪತ್ರ, ಅಂದರೆ ಪವರ್ ಆಫ್ ಅಟಾರ್ನಿ, ಹರಡಿಕೊಂಡಿತ್ತು. ವಿಜಯಪುರದಲ್ಲಿ ಅಪ್ಪ ಬಿಟ್ಟುಹೋದ ಒಂದು ಪ್ಲಾಟು ಮಾರಬೇಕು. ಅದಕ್ಕಾಗಿ ರಜೆ ಹಾಕಿ ಸಮುದ್ರ ದಾಟಿ ಯಾರು ಹೋಗುತ್ತಾರೆ? ದೊಡ್ಡಪ್ಪನ ಮಗ ಕೇದಾರನಿಗೆ ಅಧಿಕಾರ ಕೊಟ್ಟರೆ ಮುಗಿಯಿತು. ಕೇದಾರ ನೋಂದಣಿ ಕಚೇರಿಯ ಎದುರು ಮೂವತ್ತು ವರ್ಷದಿಂದ ಕೂತ ಬಾಂಡ್ ರೈಟರ್. ಪತ್ರದ ಒಕ್ಕಣೆಯನ್ನು ಅವನೇ ಕಳಿಸಿದ್ದ: ಮೊದಲ ಹಾಳೆಗೆ ಫೋಟೊ, ಪ್ರತಿ ಹಾಳೆಗೆ ಸಹಿ ಮತ್ತು ಬಲಗೈ ಹೆಬ್ಬೆಟ್ಟು.

“ಕೇದಾರನ ಬಲಗೈ ಬಿದ್ದು ವರ್ಷ ಆತು,” ಎಂದಳು ಗುರುಬಸವ್ವ. ಅವಳು ನಿವೇದಿತಾಳ ಸೋದರತ್ತೆ, ತಾಯಿಯಿಲ್ಲದ ಹುಡುಗಿಯನ್ನು ಸಾಕಿದವಳು. ಆರು ತಿಂಗಳ ಮಟ್ಟಿಗೆ ಬಂದಿದ್ದಳು. “ನಮ್ಮ ಓಣಿ ಬಂಗಾರೆವ್ವನ ಮನೀನ ಮೋಸಲೆ ಬರಸ್ಕೊಂಡ. ಆಕಿ ಬಿಡ್ತಾಳಾ? ಬರಿಯೂ ಕೈ ಕೊಳೀಲಿ ಅಂತ ಮಾಟ ಮಾಡಿಸ್ಯಾಳ. ಆ ಮಾಟ ತೆಗಿಯಾಕ ಬರೂದಿಲ್ಲ. ಒಪ್ಪಿ ತೊಗೊಳ್ಳಾವರು ಸಿಕ್ಕರ ಅವರ ಮೈಗೆ ದಾಟ್ತೈತಿ.”

“ಅತ್ತಿ, ಅದು ನರ್ವ್ ಪ್ರಾಬ್ಲಮ್ಮು. ಮೂವತ್ತು ವರ್ಷ ಪೆನ್ ಹಿಡದ್ರ ಯಾರಿಗರ ಬರ್ತೈತಿ.”

“ನಿನ್ನ ಫೋಟೊ, ಅಪ್ಪನ ಹೆಸರು, ಹೆಬ್ಬೆಟ್ಟು! ಮಾಟಗಾರಗ ಗೊಂಬಿ ಮಾಡೂ ತ್ರಾಸೂ ಉಳಿಸಿದ್ಯಲ್ಲ.”

“ಹೂಂ, ಮ್ಯಾಲ ಸೀಲ್ ಬ್ಯಾರೆ ಹೊಡಿಸಿ ಕಳಸ್ತೀನಿ.”

ಗುರುಬಸವ್ವ ಪಕ್ಕದ ಮನೆಗೆ ಒಂದು ಬಟ್ಟಲು ಸಕ್ಕರೆ ಕೊಟ್ಟರೂ ಒಂದು ಚಿಟಿಕೆ ತೆಗೆದು ಡಬ್ಬಿಗೆ ಹಾಕಿಕೊಂಡೇ ಕೊಡುವವಳು. ಪೂರ್ತಿ ಕೊಡಬಾರದು ಎನ್ನುವುದು ಅವಳ ಮನೆತನದ ರೂಢಿ. ನಿವೇದಿತಾಗೆ ಇದೆಲ್ಲ ತಮಾಷೆ. ಸಾಂಟಾ ಕ್ಲಾರಾದ ಚಿಪ್ ಕಂಪನಿಯಲ್ಲಿ ಲೇಔಟ್ ಎಂಜಿನಿಯರ್ ಅವಳು. ಕೂದಲಿಗಿಂತ ಸಣ್ಣ ತಂತಿಗಳ ದಾರಿಯನ್ನು ದಿನಕ್ಕೆ ಹತ್ತು ಗಂಟೆ ಪರದೆಯ ಮೇಲೆ ಎಳೆಯುವ ಬಲಗೈ, ಭಾನುವಾರ ಬ್ಯಾಡ್ಮಿಂಟನ್ನಿನಲ್ಲಿ ಗಂಡಸರ ಬೆವರಿಳಿಸುವ ಬಲಗೈ. ತನ್ನ ಆ ಕೈಯ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು, ಯಾಕಿರಬಾರದು?

ನೋಟರಿ ಜಯರಾಮ್ ಮೈಸೂರಿನವರು. ಎಲ್ ಕಮಿನೋ ರಸ್ತೆಯ ಇಂಡಿಯನ್ ಗ್ರೋಸರಿಯೊಂದರ ಹಿಂಬದಿಯಲ್ಲಿ, ಇಂಗು ಮತ್ತು ಊದುಬತ್ತಿಯ ವಾಸನೆಯ ನಡುವೆ ಅವರ ಮೇಜು. ಪತ್ರ ಓದಿ ಕನ್ನಡಕ ಮೇಲೇರಿಸಿದರು.

“ಮೇಡಂ, ಒಂದು ಸೈಟಿಗೆ ಸ್ಪೆಷಲ್ ಪವರ್ ಸಾಕಿತ್ತು. ಇದು ಜನರಲ್ಲು. ಇಲ್ನೋಡಿ, ‘ನನ್ನ ಪರವಾಗಿ ಯಾವುದನ್ನಾದರೂ ಸ್ವೀಕರಿಸಲು, ಯಾವುದನ್ನಾದರೂ ಕೊಡಲು. ಅವರು ಮಾಡಿದ್ದೆಲ್ಲವೂ ನಾನೇ ಖುದ್ದಾಗಿ ಮಾಡಿದಂತೆ.’ ನಾನು ಲೀಗಲ್ ಅಡ್ವೈಸ್ ಕೊಡೋ ಹಾಗಿಲ್ಲಪ್ಪ. ಸುಮ್ನೆ ಹೇಳ್ದೆ.”

“ನಮ್ಮಣ್ಣನೇ ಬರೆಸಿರೋದು ಸಾರ್. ಮತ್ತೆ ಬರೆಸೋಕೆ ಟೈಮಿಲ್ಲ.”

ಪತ್ರಕ್ಕೆ ಏಳು ಹೆಬ್ಬೆಟ್ಟು ಒತ್ತಿದಳು. ಅಧಿಕಾರ ಪತ್ರವಾದ್ದರಿಂದ ನೋಟರಿಯ ದಫ್ತರಕ್ಕೆ ಇನ್ನೊಂದು. ಮುದ್ರೆ ಬಿತ್ತು, ಕೊರಿಯರ್ ಹೋಯಿತು. ಪ್ಲಾಟಿನ ಚಿಂತೆ ಕಳೆಯಿತೆಂದು ಆ ಸಂಜೆ ಅತ್ತೆಗೆ ಐಸ್‌ಕ್ರೀಂ ಕೊಡಿಸಿದಳು.

ಹದಿನೆಂಟನೆಯ ದಿನ, ಬೆಳಗಿನ ಹನ್ನೊಂದೂವರೆ. ವಿಜಯಪುರದಲ್ಲಿ ಆಗ ಅಮಾವಾಸ್ಯೆಯ ನಡುರಾತ್ರಿ. ಇಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮೀಟಿಂಗಿಗಾಗಿ ಕೋಣೆಯ ಪರದೆ ಎಳೆದು ದೀಪ ಆರಿಸಿದ್ದರು. ಆ ಕತ್ತಲಲ್ಲಿ ಮೊದಲು ಬಂದದ್ದು ವಾಸನೆ. ಸುಟ್ಟ ಕೂದಲು, ಕೊಯ್ದ ನಿಂಬೆಹಣ್ಣು, ಹಸಿ ನೆತ್ತರು. ಆಮೇಲೆ ಸದ್ದು. ಗಡುಸು ಕಾಗದದ ಮೇಲೆ ನಿಬ್ಬು ಕರಕರ ಗೀಚುವ ಸದ್ದು, ಅವಳ ಕಿವಿಯೊಳಗೇ. ಪಕ್ಕದವರತ್ತ ನೋಡಿದಳು. ಯಾರಿಗೂ ಏನೂ ಕೇಳಿದಂತಿಲ್ಲ. ಕಿರುಬೆರಳು ತಣ್ಣಗಾಯಿತು. ಉಂಗುರಬೆರಳು. ನಡುಬೆರಳು. ಒಂದೊಂದಾಗಿ ಯಾರೋ ಎಣಿಸಿ ತೆಗೆದುಕೊಂಡಂತೆ. ಹೆಬ್ಬೆರಳೂ ಹೋದಾಗ ಕೈಯಲ್ಲಿದ್ದ ಕಾಫಿಯ ಲೋಟ ನೆಲಕ್ಕೆ ಬಿತ್ತು.

ಡಾಕ್ಟರರು ಸ್ಕ್ಯಾನ್ ಮಾಡಿದರು, ರಕ್ತ ತೆಗೆದರು, ಸೂಜಿ ಚುಚ್ಚಿದರು. ಎಲ್ಲ ಸರಿಯಾಗಿದೆ ಎಂದರು. ಎಲ್ಲಿ ಸರಿ? ನಾಲ್ಕನೆಯ ದಿನಕ್ಕೆ ಅಂಗೈ ಅಗಲವಾಯಿತು. ಬೆರಳ ಗೆಣ್ಣುಗಳ ಮೇಲೆ ನರೆತ ರೋಮ ಮೂಡಿತು. ಕಾಲೇಜು ಬಿಟ್ಟ ಮೇಲೆ ಪೆನ್ನು ಹಿಡಿದು ನಾಲ್ಕು ಪುಟ ಬರೆಯದವಳ ನಡುಬೆರಳಿನಲ್ಲಿ ಗಟ್ಟಿ ಜಡ್ಡು, ಉಗುರಿನ ಸಂದಿಯಲ್ಲಿ ಮಸಿ. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೆಬ್ಬೆರಳಿನಿಂದ ತಂಬಾಕು ಸುಣ್ಣದ ಘಾಟು ಹೋಗಲಿಲ್ಲ. ಬೆರಳ ತುದಿಗಳು ಕಪ್ಪಾಗಿ ಕೊಳೆಯತೊಡಗಿದವು.

ಗುರುಬಸವ್ವ ಆ ಕೈ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. “ಇದು ಕೇದಾರನ ಕೈ,” ಎಂದಳು. ‘ನಾ ಹೇಳಿದ್ದೆ’ ಎಂದು ಒಂದು ಮಾತೂ ಆಡಲಿಲ್ಲ, ಅಷ್ಟು ಹೆದರಿದ್ದಳು.

ನಿವೇದಿತಾ ಆಗಲೇ ವಿಡಿಯೊ ಕಾಲ್ ಹಚ್ಚಿದಳು. ಪರದೆಯಲ್ಲಿ ಕೇದಾರ ಮೀಸೆ ತೀಡುತ್ತಿದ್ದ. ಬಲಗೈಯಿಂದ! ನುಣುಪಾದ, ಸಪೂರ ಬೆರಳು. ಹೆಬ್ಬೆರಳ ಬುಡದಲ್ಲಿ ಅವಳ ಮಚ್ಚೆ.

“ನನ್ನ ಕೈ ನನಗ ಕೊಡು, ಕೇದಾರಣ್ಣ.”

“ಕಾಯ್ದೆ ಪ್ರಕಾರ ತೊಗೊಂಡೇನಿ ತಂಗಿ,” ಎಂದ ಅವನು, ಗಿರಾಕಿಯೊಡನೆ ಮಾತಾಡುವ ದನಿಯಲ್ಲಿ. “ಮಂತ್ರವಾದಿ ಕೇಳಿದ, ಈ ಮಾಟ ಒಪ್ಪಿ ತೊಗೊಳ್ಳಾವರು ಯಾರು ಅಂತ. ಪತ್ರ ಮುಂದಿಟ್ಟೆ. ನಿನ್ನ ಪರವಾಗಿ ತೊಗೊಂಡೆ, ಎಡಗೈಲೆ ಸಹಿ ಹಾಕಿದೆ. ಮಾಟ ಮ್ಯಾಲ ಏರೂದು. ಬರೂ ಅಮಾಸಿಗೆ ತೋಳು, ಅದರ ಮುಂದಿನದಕ್ಕ ಎದಿ. ನಾ ಏನ ಮಾಡ್ಲಿ? ಅವನ್ನೂ ನಿನ್ನ ಪರವಾಗಿನ ತೊಗೋಬೇಕು.”

“ಕಾಯ್ದೆ ಪ್ರಕಾರ ತೊಗೊಂಡಿಯಲ್ಲ? ಕಾಯ್ದೆ ಪ್ರಕಾರನ ನಿನ್ನ ಬಾಯಿಗೆ ಮಣ್ಣ ಹಾಕ್ತೀನಿ, ನೋಡ್ಕೋ!”

ಅತ್ತೆ ದೇವರ ಮುಂದೆ ಕೂತು ಅತ್ತಳು. ಇವಳು ಅಳಲಿಲ್ಲ. ಆ ಮಧ್ಯಾಹ್ನವೇ ಅಧಿಕಾರ ರದ್ದು ಮಾಡುವ ಪತ್ರ ಟೈಪು ಮಾಡಿದಳು, ಎಡಗೈಯ ಒಂದೇ ಬೆರಳಿನಿಂದ, ಎರಡು ತಾಸು ಕೂತು. ಅದನ್ನು ಹಿಡಿದು ಹೋದಾಗ ನೋಟರಿ ಜಯರಾಮ್ ದಫ್ತರ ತೆರೆದು ಬಲಗೈ ಹೆಬ್ಬೆಟ್ಟು ಕೇಳಿದರು. ಒತ್ತಿಸಿಕೊಂಡರು. ಮೊದಲ ಸಲದ ಗುರುತು ಹಿಂದಿನ ಪುಟದಲ್ಲೇ ಇತ್ತು. ಎರಡನ್ನೂ ನೋಡಿದರು. ಅದರ ಗೆರೆಗಳು ಸುಳಿ, ಇದರವು ಕಮಾನು. ಕುರ್ಚಿ ಹಿಂದೆ ಸರಿಸಿದರು.

“ಇದು ನಿಮ್ದಲ್ಲ ಮೇಡಂ.”

“ಅಲ್ಲ ಸಾರ್. ಬಲಗೈ ಇಲ್ಲದವರು ಬಂದ್ರೆ ಏನ್ ಮಾಡ್ತೀರಿ?”

“ಎಡಗೈದು ತಗೊಂಡು ಕಾರಣ ಬರೀತೀವಿ. ಆದ್ರೆ ಕೈ ಇದೆಯಲ್ಲ...”

“ಇದೆ, ನನ್ನದಲ್ಲ. ಇಲ್ಲ ಅಂತಲೇ ಬರೀರಿ.”

ಜಯರಾಮ್ ರಾಘವೇಂದ್ರ ಸ್ವಾಮಿಗಳನ್ನು ನೆನೆದು, ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಕಾರಣ ಬರೆದುಕೊಂಡರು. ರದ್ದತಿ ಪತ್ರ ಅಂದೇ ಮೇಲ್‌ನಲ್ಲಿ ಕೇದಾರನಿಗೂ ವಿಜಯಪುರದ ನೋಂದಣಿ ಕಚೇರಿಗೂ ಹೋಯಿತು. ಮುಂಗೈಯವರೆಗೆ ಏರಿದ್ದ ಕಪ್ಪು ಅಲ್ಲಿಗೇ ನಿಂತಿತು. ಆದರೆ ಕೈ ಮರಳಲಿಲ್ಲ.

ಕೊಳೆತದ್ದು ಮೈಯಲ್ಲಿದ್ದರೆ ನಂಜು ರಕ್ತಕ್ಕೆ ಇಳಿಯುತ್ತದೆ, ಮೊಣಕೈ ಕೆಳಗೆ ತೆಗೆಯಲೇಬೇಕು ಎಂದರು ಸರ್ಜನ್. ನಿವೇದಿತಾ ನಾಲ್ಕು ದಿನ ಒಪ್ಪಲಿಲ್ಲ. ಜ್ವರ ಏರುತ್ತಿದ್ದರೂ ಒಪ್ಪಲಿಲ್ಲ. ಇದನ್ನು ಕತ್ತರಿಸಿದರೆ ತನ್ನದು ಮರಳಿ ಕೂಡುವುದಾದರೂ ಎಲ್ಲಿಗೆ? ಅವಳಿಗೆ ತನ್ನ ಕೈ ಬೇಕಿತ್ತು. ಆ ಆಸೆಗೆ ಮಿತಿಯೇ ಇರಲಿಲ್ಲ.

ಐದನೆಯ ಬೆಳಿಗ್ಗೆ ಆಸ್ಪತ್ರೆಯ ಹಾಸಿಗೆಯಲ್ಲಿರುವಾಗ ಫೋನು ಬಂತು. ಕೇದಾರ.

“ರದ್ದು ಮಾಡಿದಿ. ಶಾಣ್ಯಾಕಿ. ಆದ್ರ ರದ್ದಾಗೂ ಮುಂಚೆ ಮಾಡಿದ್ದು ಊರ್ಜಿತ, ಯಾವ ವಕೀಲನ್ನರ ಕೇಳು. ಕೈ ನಂದ. ಹೆಬ್ಬೆಟ್ಟೂ ನಂದ. ಇನ್ನ ನಿನ್ನ ಹೆಸರಿಲೆ ಏನ ಬರಿಯಾಕೂ ನಿನ್ನ ಕೇಳೂ ಜರೂರಿಲ್ಲ.”

ಅವನು ನಕ್ಕ. ನಿವೇದಿತಾಗೆ ಮೈ ಉರಿದುಹೋಯಿತು. ಆ ಸತ್ತ ಕೈಯನ್ನು ಎತ್ತಿ ಮಂಚದ ಕಬ್ಬಿಣಕ್ಕೆ ಅಪ್ಪಳಿಸಿದಳು.

“ಯವ್ವಾ!” ಎಂದು ಕೂಗಿದ್ದು ಅವಳಲ್ಲ. ಅವಳಿಗೆ ಏನೂ ಆಗಿರಲಿಲ್ಲ. ಕೂಗು ಬಂದದ್ದು ಫೋನಿನಿಂದ.

ಕೈ ಅವನದು. ನೋವೂ ಅವನದೇ?

ಇನ್ನೊಮ್ಮೆ ಅಪ್ಪಳಿಸಿದಳು. ಮತ್ತೆ ಕೂಗು.

“ತಂಗಿ,” ಎಂದ ಕೇದಾರ. ದನಿ ಬೇರೆಯಾಗಿತ್ತು. “ಡಾಕ್ಟರ ಏನರ ಕೊಯ್ತೀನಿ ಅಂದಾರೇನ?”

“ಅಂದಾರ.”

“ಬ್ಯಾಡ. ನಿನ್ನ ಕಾಲ ಹಿಡೀತೀನಿ, ಬ್ಯಾಡ. ಹೊಸಾ ಪತ್ರ ಕಳಸು, ಕೈ ತಿರುಗಿ ಕೊಡಾಕ ನಿನ್ನ ಖುದ್ದ ಒಪ್ಪಿಗಿ ಬೇಕು. ಅಮಾಸಿಗೆ ಎಲ್ಲಾ ಅದಲಬದಲ ಮಾಡ್ತೀನಿ. ನಿನ್ನ ಕೈ ನಿನಗ. ಆಣಿ ಮಾಡ್ತೀನಿ.”

ತನ್ನ ಕೈ. ಮಚ್ಚೆಯಿರುವ ಕೈ. ಬೇಕಿತ್ತು, ಬೇಕೇಬೇಕಿತ್ತು. ಬಾಗಿಲಲ್ಲಿ ಸರ್ಜನ್ ನಿಂತಿದ್ದರು, ಕೈಯಲ್ಲಿ ಒಪ್ಪಿಗೆ ಪತ್ರ. ನಿವೇದಿತಾ ಎಡಗೈ ಚಾಚಿದಳು. ಪತ್ರ ತೆಗೆದುಕೊಂಡಳು. ಓದಿದಳು. ಒಂದಕ್ಷರ ಬಿಡದೆ ಓದಿದಳು. ಯಾವ ಕೈ. ಎಲ್ಲಿಯವರೆಗೆ. ಎಷ್ಟು ಗಂಟೆಗೆ. ಬೇರೇನೂ ಇಲ್ಲ ತಾನೇ? ಇಲ್ಲ. ಸಹಿ ಹಾಕಿದಳು. ಸೊಟ್ಟ ಸಹಿ. ಅವಳದೇ ಸಹಿ.

“ಅರಿವಳಿಕೆ ಕೊಡ್ತಾರ ಕೇದಾರಣ್ಣ,” ಎಂದಳು. “ನನಗ.”

ಅವನು ಒದರುತ್ತಲೇ ಇದ್ದ. ಫೋನನ್ನು ಅತ್ತೆಯ ಕೈಗೆ ಕೊಟ್ಟಳು. “ಕಟ್ ಮಾಡಬ್ಯಾಡತ್ತಿ. ಕೇಳ್ಕೊಂಡಿರು.” ಗಾಲಿಮಂಚ ಉರುಳಿತು. ಬಿಳಿ ದೀಪ. ಇನ್ನೊಂದು ದೀಪ. ಮತ್ತೊಂದು. ಸ್ಪಿರಿಟ್ಟಿನ ವಾಸನೆ. ಮೂಗಿಗೆ ಮಾಸ್ಕ್. ಕಿವಿಯಲ್ಲಿ ನಿಬ್ಬು ಗೀಚಿತು. ಜೋರಾಗಿ ಗೀಚಿತು. ಹುಚ್ಚು ಹಿಡಿದಂತೆ ಗೀಚಿತು. ಕತ್ತಲು.

ಎಚ್ಚರವಾದಾಗ ಮಧ್ಯಾಹ್ನದ ಬಿಸಿಲು ಕಾಲ ಮೇಲೆ ಬಿದ್ದಿತ್ತು. ಕಿವಿ ಖಾಲಿಯಿತ್ತು. ಗುರುಬಸವ್ವ ಪಕ್ಕದ ಕುರ್ಚಿಯಲ್ಲಿ ಬಿಳಿಚಿಕೊಂಡು ಕೂತಿದ್ದಳು.

“ಒದರಿದನಾ?”

“ಎಂಟ ನಿಮಿಷ. ಆಮ್ಯಾಲ ಫೋನ್ ಬಿತ್ತು. ಅವನ ಮಗ ಎತ್ತಿದ. ಅಪ್ಪನ ಕೈ ಮೊಣಕೈತನಾ ಒಣಗಿ ಕಟ್ಟಿಗಿ ಆಗೇತಿ ಅಂತಂದ. ಅಲ್ಲಿದ್ದ ನಿನ್ನ ಕೈನೂ ಹೋತವ್ವ.”

ನಿವೇದಿತಾ ಹೊದಿಕೆ ನೋಡಿದಳು. ಎಡಗಡೆ ಉಬ್ಬಿತ್ತು, ಬಲಗಡೆ ಮೊಣಕೈ ದಾಟಿದ ಮೇಲೆ ಚಪ್ಪಟೆ. ಇಷ್ಟು ದಿನ ತಡೆದಿದ್ದ ಅಳು ಆಗ ಬಂತು, ಬಿಕ್ಕಿ ಬಿಕ್ಕಿ ಅತ್ತಳು. ಗುರುಬಸವ್ವ ಸೆರಗಿನ ತುದಿ ಹಿಡಿದು ಕಣ್ಣೊರೆಸಲು ಬಾಗಿದಳು.

“ಬ್ಯಾಡತ್ತಿ,” ಎಂದಳು ನಿವೇದಿತಾ. ಎಡಗೈ ಎತ್ತಿ ತಾನೇ ಒರೆಸಿಕೊಂಡಳು.